ಮೌಲ್ಯಗಳ ಅಂಕಪಟ್ಟಿ ಮತ್ತು ಕೃಷ್ಣೆಯ ದಂಡೆ

ಬದುಕಿನಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಟ್ಟುಕೊಡಬಹುದು ಎಂದು ಜನ ಹಾಕುವ ತೂಕವೇ ಮೌಲ್ಯ. ಈ ತೂಕವನ್ನು ದೇಶದಿಂದ ದೇಶಕ್ಕೆ ಹೋಲಿಸಿ ಹೆಸರಾದವರು ನೆದರ್ಲೆಂಡ್ಸಿನ ಗೀರ್ಟ್ ಹಾಫ್‌ಸ್ಟೆಡ್. ಹಲವು ದೇಶಗಳ ಐಬಿಎಂ ನೌಕರರು ತುಂಬಿಕೊಟ್ಟ ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಆಧರಿಸಿ 1980ರಲ್ಲಿ ಅವರು ಗ್ರಂಥ ಪ್ರಕಟಿಸಿದರು. ವ್ಯಕ್ತಿವಾದದಲ್ಲಿ ಅಮೆರಿಕಕ್ಕೆ 91, ನೆದರ್ಲೆಂಡ್ಸಿಗೆ 80, ಭಾರತಕ್ಕೆ 48 ಅಂಕ ಬಂದವು. ದೊಡ್ಡವರು ಮೇಲೆ, ಉಳಿದವರು ಕೆಳಗೆ ಎಂಬ ಏರ್ಪಾಡನ್ನು ಒಪ್ಪಿಕೊಳ್ಳುವುದರಲ್ಲಿ ಭಾರತಕ್ಕೆ 77, ನೆದರ್ಲೆಂಡ್ಸಿಗೆ 38.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಈ 77 ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದರೆ ದಂಡೆಯ ಹೊಲಗಳಿಗೂ ನೀರಿರುತ್ತಿರಲಿಲ್ಲ. ಸರ್ಕಾರದ ದಾರಿ ಕಾಯುವುದನ್ನು ಬಿಟ್ಟು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಕೂಡಿಸಿದರು, ಶ್ರಮದಾನಕ್ಕಿಳಿದರು, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದ ಮತದಾರರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಬಿಟ್ಟು ನ್ಯಾಮಗೌಡರನ್ನು ಗೆಲ್ಲಿಸಿದರು. 'ಬ್ಯಾರೇಜ್ ಸಿದ್ದು' ಎಂದೇ ಅವರು ಜನರ ಬಾಯಲ್ಲಿ ಉಳಿದರು.

ನೆದರ್ಲೆಂಡ್ಸಿನ ಬಹುಭಾಗ ತಗ್ಗುನೆಲ. ಒಡ್ಡು ಒಡೆದರೆ ಎಲ್ಲರ ಮನೆಯೂ ಮುಳುಗುತ್ತದೆ. ಹಾಗಾಗಿ 13ನೇ ಶತಮಾನದಿಂದಲೂ ಅಲ್ಲಿ ಒಡ್ಡು, ಕಾಲುವೆ ನೋಡಿಕೊಳ್ಳುವ ಸ್ಥಳೀಯ ನೀರಿನ ಮಂಡಳಿಗಳಿವೆ. ವ್ಯಕ್ತಿವಾದದಲ್ಲಿ 80 ಪಡೆದ ನಾಡು ನೀರಿಗಾಗಿ ಶತಮಾನಗಳಿಂದ ಕೂಡಿ ದುಡಿದಿದೆ. ಅಂಕಗಳು ಇಡೀ ದೇಶದ ಸರಾಸರಿ, ಒಬ್ಬೊಬ್ಬರ ಸ್ವಭಾವವನ್ನು ಅವುಗಳಿಂದ ಅಳೆಯಬಾರದು ಎಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ಓದುವವರು ಹೆಚ್ಚಾಗಿ ಮರೆಯುವುದು ಈ ಮಾತನ್ನೇ.

ಹೀಗೆ ಕೂಡಿ ದುಡಿಯುವ 'ನಾವು' ಎಂಬುದಕ್ಕೆ ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಬೇರೆ ಅರ್ಥವಿದೆ. ಒಬ್ಬರು ಮಗ್ಗದ ಮುಂದೆ, ಇನ್ನೊಬ್ಬರು ಕಂಡಿಕೆ ಸುತ್ತುತ್ತ; ಸೀರೆಯ ಕೂಲಿ ಮಾತ್ರ ಒಟ್ಟಿಗೆ ಮನೆಗೆ ಬರುತ್ತದೆ. ಕಂಡಿಕೆ ಸುತ್ತಿದ ಹೆಣ್ಣುಮಗಳಿಗೆ ಸಾಮಾನ್ಯವಾಗಿ ಬೇರೆ ಲೆಕ್ಕವಿಲ್ಲ. ಕೂಡುಬಾಳನ್ನು ಹೊಗಳುವವರು ಅವಳ ದುಡಿಮೆಯನ್ನೂ ಎಣಿಸಬೇಕು.

ಮೌಲ್ಯಗಳನ್ನು ಹಾಫ್‌ಸ್ಟೆಡ್‌ಗಿಂತ ಬೇರೆ ಬಗೆಯಲ್ಲಿ ನೋಡಿದ ಇಸ್ರೇಲಿನ ಶಾಲೋಮ್ ಶ್ವಾರ್ಟ್ಸ್ 1992ರಲ್ಲಿ ಹತ್ತು ಮೌಲ್ಯಗಳನ್ನು ಒಂದು ಚಕ್ರದಲ್ಲಿ ಜೋಡಿಸಿದರು. ಅಕ್ಕಪಕ್ಕದವು ಹೊಂದಿಕೊಳ್ಳುತ್ತವೆ, ಎದುರುಬದುರಿನವು ಜಗಳವಾಡುತ್ತವೆ. ಮುಂದೆ ಹಲವು ದೇಶಗಳನ್ನು ಹೋಲಿಸಿದಾಗ, ತನ್ನವರ ಹಿತ ಬಯಸುವುದು ಬಹುತೇಕ ಎಲ್ಲೆಡೆ ಮೇಲೆ, ಅಧಿಕಾರದಾಸೆ ಕೆಳಗೆ ಕಂಡಿತು. ದೇಶಗಳ ಭೇದವನ್ನೇ ಎತ್ತಿ ಹೇಳುವ ಬರಹಗಳಲ್ಲಿ ಈ ಸಾಮ್ಯಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಆ ಚಕ್ರದಲ್ಲಿ ಭದ್ರತೆ, ಸಂಪ್ರದಾಯ ಎರಡೂ ನೆರೆಹೊರೆ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲ್ಲೂಕಿನ ಊರುಗಳಿಗೆ ಬಂದಾಗ ಇವೆರಡೂ ಬೇರೆಯಾದವು. ಭದ್ರತೆ ಪುನರ್ವಸತಿ ಕೇಂದ್ರದ ಹೊಸ ನಿವೇಶನದಲ್ಲಿತ್ತು. ಹಿರಿಯರ ಹೊಲ, ಗುಡಿ, ಜಾತ್ರೆಯ ಬಯಲು ಮುಳುಗಡೆಯಾಗುವ ನೆಲದಲ್ಲಿದ್ದವು. ಪರಿಹಾರದ ಕಡತ ಹೊಲಕ್ಕೆ, ಮನೆಗೆ ಬೆಲೆ ಕಟ್ಟಿತು. ಜಾತ್ರೆಗೆ, ನೆರೆಮನೆಗೆ ಅದರಲ್ಲಿ ಕಲಮು ಇರಲಿಲ್ಲ.