ಈ ನಾಯಿ ಯಾರದು?

ಜೇವರ್ಗಿಯ ಯಾವ ಓಣಿಯಲ್ಲಾದರೂ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ಒಲೆ ಆರಿಸಿ ಹೊರಬಂದ ಅವ್ವ ಉಳಿದ ರೊಟ್ಟಿ ಮುರಿದು ಕಟ್ಟೆಯ ಕೆಳಗೆ ಹಾಕುತ್ತಾಳೆ. ಬಾಲ ಆಡಿಸುತ್ತ ಕಾದಿದ್ದ ನಾಯಿ ತಿಂದು ಅಲ್ಲೇ ಮಲಗುತ್ತದೆ. ಅದಕ್ಕೊಂದು ಹೆಸರೂ ಇರುತ್ತದೆ, ರಾಜಾ ಎಂದೋ ಕರಿಯಾ ಎಂದೋ. "ನಿಮ್ಮ ನಾಯೇನ್ರಿ ಇದು?" ಎಂದು ಕೇಳಿದರೆ ಮಾತ್ರ ಉತ್ತರ ಬೇರೆ: "ನಮ್ದಲ್ರಿ, ಓಣ್ಯಾಗ ಇರ್ತದ. ರೊಟ್ಟಿ ಹಾಕ್ತೀವಿ, ಅಷ್ಟ." ಅದೇ ನಾಯಿ ನಾಳೆ ಶಾಲೆಗೆ ಹೊರಟ ಮಗುವಿನ ಮೀನಖಂಡಕ್ಕೆ ಬಾಯಿ ಹಾಕಿದರೆ, ಹೆಸರಿಟ್ಟವರಿಗೂ ಅದು ಯಾರದೋ ನಾಯಿಯಾಗಿಬಿಡುತ್ತದೆ.

ಊರಿನ ಪ್ರಾಣಿಗಳ ಬಗ್ಗೆ ಇರುವ ಕಾನೂನುಗಳೆಲ್ಲ ಸುತ್ತಿ ಬಳಸಿ ಈ ಒಂದೇ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತವೆ. ಇದು ಯಾರದು? ನಾಯಿಗೆ, ರಸ್ತೆಯ ನಡುವೆ ಮೆಲುಕು ಹಾಕುವ ಆಕಳಿಗೆ, ಚರಂಡಿಯ ಹಂದಿಗೆ, ಎಲ್ಲಕ್ಕೂ ಅದೇ ಪ್ರಶ್ನೆ.

ನಮ್ಮ ಭಾಗದಲ್ಲಿ ನಾಯಿಯನ್ನು ಅಷ್ಟು ಹಗುರವಾಗಿ ಕಂಡವರು ಕಡಿಮೆ. ಪಕ್ಕದ ಯಾದಗಿರಿ ಜಿಲ್ಲೆಯ ಮೈಲಾಪುರಕ್ಕೆ ಸಂಕ್ರಾಂತಿಗೆ ಹೋಗಿ ಬರುವ ಮನೆಗಳಲ್ಲಿ ಅದು ಅಲ್ಲಿನ ದೇವರು ಮಲ್ಲಯ್ಯನ ಸಂಗಾತಿ. ಕುರಿಗಾಹಿಯ ಮಟ್ಟಿಗಂತೂ ರಾತ್ರಿ ಹಟ್ಟಿ ಕಾಯುವ ನಾಯಿ ಮನೆಮಂದಿಯಲ್ಲೊಬ್ಬ. ಆ ನಾಯಿಗೆ ಒಡೆಯ ಯಾರೆಂಬುದು ಇಡೀ ಊರಿಗೆ ಗೊತ್ತಿರುತ್ತಿತ್ತು. ಪೇಟೆ ಬೆಳೆದಂತೆ ಆ ಗುರುತು ಅಳಿಸುತ್ತ ಬಂತು. ಮಾಂಸದಂಗಡಿಯ ಹಿಂದೆ, ಖಾನಾವಳಿಯ ಎಂಜಲು ಬೀಳುವಲ್ಲಿ, ತುಂಬಿ ಹರಿದ ಕಸದ ತೊಟ್ಟಿಯ ಸುತ್ತ ಅನ್ನ ಸಿಗತೊಡಗಿದ ಮೇಲೆ ಒಡೆಯನಿಲ್ಲದೆಯೂ ನಾಯಿ ಬದುಕಬಲ್ಲದು. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭ ಸುಮಾರು 63 ದಿನ. ಮನೆಯ ಹೆಣ್ಣು ನಾಯಿ ಈದಾಗ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಊರ ಹೊರಗೆ ಬಿಟ್ಟು ಬರುವ ಪದ್ಧತಿಯನ್ನು ಕಾಣದವರು ಯಾರು? ಬೀದಿ ನಾಯಿಯ ವಂಶಾವಳಿಯನ್ನು ಹಿಂದಕ್ಕೆ ಓದಿದರೆ ಅದು ಹಲವು ಸಲ ಯಾರದೋ ಮನೆಯ ಹೊಸ್ತಿಲಿಗೇ ಬಂದು ಮುಟ್ಟುತ್ತದೆ.

ಪುರಸಭೆಗೆ ಈ ಹೊಣೆ ಬಂದದ್ದು ಸಂವಿಧಾನದಿಂದಲೇ. 1992ರ 74ನೇ ತಿದ್ದುಪಡಿ ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿಮಾಡಿತು. ಅದರಲ್ಲಿ ದನದ ದೊಡ್ಡಿಯ ನಿರ್ವಹಣೆಯೂ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವುದೂ ಒಂದೇ ಸಾಲಿನಲ್ಲಿವೆ. ಹಿಡಿದು ಕೂಡಿಹಾಕುವ ಅಧಿಕಾರ ಕೊಟ್ಟ ಕಡೆಯೇ, ನೋಯಿಸದಿರುವ ಕರ್ತವ್ಯವನ್ನೂ ಕೊಟ್ಟಿದ್ದಾರೆ. ಜೇವರ್ಗಿ, ಆಳಂದ, ಅಫಜಲಪುರದಂಥ ಊರುಗಳು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ. ನಾಗರಿಕ ಮೊದಲು ಹೋಗಬೇಕಾದದ್ದು ಪುರಸಭೆಯ ಮುಖ್ಯಾಧಿಕಾರಿ ಅಥವಾ ಆರೋಗ್ಯ ನಿರೀಕ್ಷಕರ ಬಳಿಗೆ, ಬಾಯಿಮಾತಿನ ದೂರಿನೊಂದಿಗಲ್ಲ, ಬರೆದ ಅರ್ಜಿಯೊಂದಿಗೆ; ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬರಬೇಕು.

ಹಿಂದೆ ನಾಯಿ ಹೆಚ್ಚಾದರೆ ಕೊಲ್ಲುತ್ತಿದ್ದರು. ವಿಷದ ಉಂಡೆ ಹಾಕಿ ಬೆಳಗ್ಗೆ ಬಂಡಿಯಲ್ಲಿ ಹೆಣ ಹೇರಿಕೊಂಡು ಹೋದದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಮದರಾಸು ನಗರದಲ್ಲಿ ಬ್ರಿಟಿಷರ ಕಾಲದಿಂದ ನಾಯಿ ಹಿಡಿದು ಕೊಲ್ಲುವ ಕೆಲಸ ತಲೆಮಾರುಗಳ ಕಾಲ ನಡೆಯಿತು. ನಾಯಿಗಳೂ ಕಡಿಮೆಯಾಗಲಿಲ್ಲ, ರೇಬಿಸ್ ಕೂಡ ನಿಲ್ಲಲಿಲ್ಲ. ಕಾರಣ ಸರಳ. ಒಂದು ಓಣಿಯಲ್ಲಿ ಎಷ್ಟು ನಾಯಿ ಇರಬೇಕೆಂದು ತೀರ್ಮಾನಿಸುವುದು ಅಲ್ಲಿನ ಎಂಜಲು. ಐದು ನಾಯಿ ಹೋದರೆ ಆ ಅನ್ನಕ್ಕೆ ಹೊರಗಿನ ಐದು ಬರುತ್ತವೆ, ಅವಕ್ಕೆ ಲಸಿಕೆ ಆಗಿರುವುದಿಲ್ಲ, ಗಡಿಗಾಗಿ ಕಚ್ಚಾಟವೂ ಹೆಚ್ಚುತ್ತದೆ. ಬ್ಲೂ ಕ್ರಾಸ್ ಸಂಸ್ಥೆಯ ಒತ್ತಾಯದಿಂದ 1996ರಲ್ಲಿ ಆ ನಗರ ದಾರಿ ಬದಲಿಸಿತು: ಹಿಡಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡು, ರೇಬಿಸ್ ಲಸಿಕೆ ಹಾಕು, ಹಿಡಿದಲ್ಲಿಗೇ ಬಿಡು.

ಅದೇ ದಾರಿ 2001ರಲ್ಲಿ ದೇಶದ ನಿಯಮವಾಯಿತು. ಈಗ ಜಾರಿಯಲ್ಲಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2023ರ ಮಾರ್ಚ್‌ನಲ್ಲಿ ಹೊರಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳು. ಇದರಲ್ಲಿ ಬೀದಿ ನಾಯಿಗೆ ಒಂದು ಹೊಸ ಹೆಸರಿದೆ, ಸಮುದಾಯದ ಪ್ರಾಣಿ. "ಯಾರದೂ ಅಲ್ಲ" ಎಂಬ ಉತ್ತರವನ್ನು ಕಾನೂನು ಒಪ್ಪುವುದಿಲ್ಲ ಎಂದೇ ಇದರ ಅರ್ಥ. ನಾಯಿಯನ್ನು ಬಲೆಯಿಂದಲೋ ಕೈಯಿಂದಲೋ ಹಿಡಿಯಬೇಕು. ತಂತಿಯ ಕುಣಿಕೆ, ಇಕ್ಕಳ ಕೂಡದು. ಶಸ್ತ್ರಚಿಕಿತ್ಸೆ ಮಾಡುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಬೇಕು. ಕೆಲಸ ಮುಗಿದ ನಾಯಿಯ ಕಿವಿಯ ಅಂಚನ್ನು ಸಣ್ಣದಾಗಿ ಕತ್ತರಿಸಿ ಗುರುತು ಮಾಡುತ್ತಾರೆ, ಅರಿವಳಿಕೆ ಇಳಿಯುವ ಮೊದಲೇ. ನಿಮ್ಮ ಓಣಿಯ ನಾಯಿಗಳ ಕಿವಿಯನ್ನು ಇವತ್ತೇ ನೋಡಿ. ಕಚ್ಚು ಇಲ್ಲದ ಕಿವಿಗಳೇ ಹೆಚ್ಚಿದ್ದರೆ, ಅಲ್ಲಿ ಕೆಲಸ ಆಗಿಲ್ಲವೆಂದು ಯಾವ ದಾಖಲೆಯನ್ನೂ ತಿರುವದೆ ಹೇಳಬಹುದು.

ಅನ್ನ ಹಾಕುವುದು ತಪ್ಪಲ್ಲ, ಎಲ್ಲೆಂದರಲ್ಲಿ ಹಾಕುವುದು ತಪ್ಪು. ಮಕ್ಕಳು ಆಡುವಲ್ಲಿ, ಮೆಟ್ಟಿಲ ಬಾಯಲ್ಲಿ, ಜನರು ಓಡಾಡುವ ಹೊತ್ತಿನಲ್ಲಿ ಹಾಕದೆ ಗೊತ್ತುಪಡಿಸಿದ ಜಾಗದಲ್ಲಿ ಹಾಕಬೇಕೆಂದು ನಿಯಮ ಹೇಳುತ್ತದೆ. 2025ರ ಆಗಸ್ಟ್ 11ರಂದು ದೆಹಲಿಯ ನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿದಾಗ ದೇಶವೇ ಎರಡು ಪಾಳಯವಾಯಿತು. ಹನ್ನೊಂದು ದಿನಗಳ ನಂತರ ಮೂವರ ಪೀಠ ಅದನ್ನು ತಿದ್ದಿತು. ಚಿಕಿತ್ಸೆ, ಲಸಿಕೆ ಆದ ನಾಯಿ ತನ್ನ ಜಾಗಕ್ಕೇ ಮರಳಬೇಕು; ರೇಬಿಸ್ ತಗುಲಿದ್ದು ಅಥವಾ ಅದರ ಶಂಕೆ ಇರುವುದು ಮತ್ತು ಮೈಮೇಲೆ ಬೀಳುವ ಸ್ವಭಾವದ್ದು ಮಾತ್ರ ಬಿಡಬಾರದು; ವಾರ್ಡಿಗೊಂದು ಅನ್ನದ ಜಾಗ ಗುರುತಿಸಬೇಕು. ನವೆಂಬರ್ 7ರ ಆದೇಶ ಇನ್ನೊಂದು ಗೆರೆ ಎಳೆಯಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ಹಿಡಿದ ನಾಯಿಯನ್ನು ಮತ್ತೆ ಅಲ್ಲಿಗೆ ಬಿಡುವಂತಿಲ್ಲ.

ಚಿಕ್ಕ ಊರಿಗೆ ಇದೆಲ್ಲ ಎಟುಕುವ ಮಾತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಶಸ್ತ್ರಚಿಕಿತ್ಸಾ ಕೊಠಡಿ, ಆರೈಕೆಯ ಗೂಡುಗಳು, ಹಿಡಿಯುವ ನುರಿತ ಕೈಗಳು, ವಾಹನ, ಇಷ್ಟನ್ನು ಒಂದು ಪುರಸಭೆ ಒಂಟಿಯಾಗಿ ಕಟ್ಟುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಜೇವರ್ಗಿ, ಆಳಂದ, ಅಫಜಲಪುರ ಮೂರೂ ಸೇರಿ ಒಂದೇ ಕೇಂದ್ರ ನಡೆಸಿ, ಸರದಿಯಂತೆ ಊರೂರಿಗೆ ತಂಡ ಕಳಿಸುವುದು ಒಳ್ಳೆಯದು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ನಮ್ಮದೇ ಬೀದರಿನಲ್ಲಿ. ತರಬೇತಿಗೆ ಬೆಂಗಳೂರಿನ ದಾರಿ ನೋಡಬೇಕಾಗಿಲ್ಲ.

ಇನ್ನು ಮನೆಯಲ್ಲಿ ಸಾಕಿದವರು. ನಾಯಿಗೆ ಲಸಿಕೆ, ಜಂತುಹುಳುವಿನ ಔಷಧಿ, ಸಂತಾನಹರಣ, ಇವು ಮಾಲೀಕನ ಹೊಣೆ ಎಂದು 2023ರ ನಿಯಮ ನೇರವಾಗಿ ಹೇಳುತ್ತದೆ. ಸಾಕಿದ ಪ್ರಾಣಿಯನ್ನು ಹಸಿವಿಗೆ ದೂಡುವಂತೆ ಬಿಟ್ಟುಹೋಗುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಗೋಣಿಚೀಲದ ಮರಿಗಳ ವಿಷಯ ಇಲ್ಲಿಗೆ ಸೇರುತ್ತದೆ. ಸದಾ ಕಟ್ಟಿಹಾಕಿ, ಒಮ್ಮೆಯೂ ಅಡ್ಡಾಡಿಸದೆ ಇಡುವುದೂ ಅದೇ ಕಲಮಿನಲ್ಲಿ ಬರುತ್ತದೆ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ, 1960ರಲ್ಲಿ ಬರೆದ ಮೊತ್ತವೇ ಹಾಗೇ ಉಳಿದಿದೆ. ಇದು ನನಗೆ ನಿಜಕ್ಕೂ ನೋವು ತರುವ ಅಂಕಿ. ಆದರೆ ಬೇರೆ ಕಾನೂನಿಗೆ ಹಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ವಿಷ ಹಾಕಿ ಪ್ರಾಣಿಯನ್ನು ಕೊಂದರೆ 325ನೇ ಕಲಮಿನಂತೆ ಐದು ವರ್ಷದವರೆಗೆ ಸೆರೆಯಾಗಬಹುದು. 291ನೇ ಕಲಮಿನ "ತನ್ನ ವಶದಲ್ಲಿರುವ" ಎಂಬ ಮಾತನ್ನು ಗಮನಿಸಿ. ನಾಯಿಯನ್ನು ಕೊಂಡಿರಬೇಕು, ಪಟ್ಟಿ ಕಟ್ಟಿರಬೇಕು ಎಂದೇನೂ ಅಲ್ಲಿಲ್ಲ.

ಇಷ್ಟೆಲ್ಲ ನಿಯಮಗಳ ಹಿಂದೆ ನಿಂತಿರುವ ಭಯ ಒಂದೇ, ರೇಬಿಸ್. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ತಿಳಿವಳಿಕೆಯೇ ಜೀವ ಉಳಿಸುತ್ತದೆ. ಹುಚ್ಚು ನಾಯಿಯ ಜೊಲ್ಲಿನಲ್ಲಿರುವ ವೈರಾಣು ಗಾಯದ ಮೂಲಕ ಹೊಕ್ಕು, ನರಗಳ ಗುಂಟ ಮೆಲ್ಲಗೆ ಮಿದುಳಿನತ್ತ ಏರುತ್ತದೆ. ಅದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ವಾರದಲ್ಲೇ, ಕೆಲವೊಮ್ಮೆ ವರ್ಷ ದಾಟಿ. ಅಷ್ಟರಲ್ಲಿ ಗಾಯ ಮಾಯ್ದಿರುತ್ತದೆ, ಮನೆಯವರು ಮರೆತಿರುತ್ತಾರೆ. ನೀರು ಕಂಡರೆ ಗಂಟಲು ಹಿಡಿಯುವ ಲಕ್ಷಣ ಒಮ್ಮೆ ಕಾಣಿಸಿಕೊಂಡಿತೆಂದರೆ ವೈದ್ಯರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಹೀಗೆ ಸಾಯುತ್ತಾರೆಂದು ಅಂದಾಜು, ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಭಾರತದವರು. ಕಚ್ಚಿಸಿಕೊಳ್ಳುವವರಲ್ಲಿ ಮಕ್ಕಳು ಹೆಚ್ಚು. ಎತ್ತರ ಕಡಿಮೆಯಾದ್ದರಿಂದ ಮಕ್ಕಳಿಗೆ ಮುಖ, ಕುತ್ತಿಗೆಗೇ ಬಾಯಿ ಬೀಳುವುದುಂಟು, ಅಲ್ಲಿಂದ ಮಿದುಳಿಗೆ ದಾರಿ ಹತ್ತಿರ.

ಈ ವೈರಾಣುವಿಗೆ ಕೊಬ್ಬಿನ ತೆಳು ಹೊದಿಕೆ ಇದೆ. ಸಾಬೂನು ಆ ಹೊದಿಕೆಯನ್ನು ಒಡೆಯುತ್ತದೆ. ಆದ್ದರಿಂದ ನಾಯಿ ಕಡಿದ ಕೂಡಲೇ ಮಾಡಬೇಕಾದ ಮೊದಲ ಚಿಕಿತ್ಸೆ ಮನೆಯ ಬಚ್ಚಲಲ್ಲೇ ಇದೆ: ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯುವುದು. "ಸುಣ್ಣ ಹಚ್ಚೀವ್ರಿ, ಖಾರದಪುಡಿ ಹಚ್ಚೀವ್ರಿ" ಎನ್ನುವವರಿಗೆ ಕೈಮುಗಿದು ಹೇಳಬೇಕು, ಅದು ಗಾಯವನ್ನು ಕೆರಳಿಸುತ್ತದೆ, ವೈರಾಣುವನ್ನು ಏನೂ ಮಾಡುವುದಿಲ್ಲ. ತೊಳೆದವರು ನೇರ ಸರ್ಕಾರಿ ದವಾಖಾನೆಗೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆಯಿಂದ ಈಗಲೂ ಕೆಲವರು ಮುಚ್ಚಿಡುತ್ತಾರೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ 2005ರ ಹೊತ್ತಿಗೇ ದೇಶದಲ್ಲಿ ನಿಂತುಹೋಯಿತು. ಈಗ ತೋಳಿನ ಚರ್ಮದೊಳಗೆ ಕೊಡುವ ಸಣ್ಣ ಸೂಜಿ. ಮೊದಲ ದಿನ, ನಂತರ 3, 7, 28ನೇ ದಿನ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರುತ್ತದೆ. ರಕ್ತ ಬಂದ ಗಾಯವಾದರೆ ಲಸಿಕೆಯಷ್ಟೇ ಸಾಲದು, ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಕೊಡಿಸಲೇಬೇಕು. ಆ ಪದವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ತಾಲ್ಲೂಕಿನಲ್ಲಿ ಸಿಗದಿದ್ದರೆ ಮೊದಲ ಲಸಿಕೆ ಹಾಕಿಸಿಕೊಂಡು ಅದೇ ದಿನ ಕಲಬುರಗಿಯ ಬಸ್ ಹತ್ತಿ.

ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲಬೇಡಿ. ಹತ್ತು ದಿನ ಅದರ ಮೇಲೆ ಕಣ್ಣಿಟ್ಟರೆ ಬಹುದೊಡ್ಡ ಉತ್ತರ ಸಿಗುತ್ತದೆ. ಜೊಲ್ಲಿನಲ್ಲಿ ವೈರಾಣು ಬರುವಷ್ಟು ರೋಗ ಬೆಳೆದ ನಾಯಿ ಅಷ್ಟರೊಳಗೆ ಸತ್ತೇ ಹೋಗುತ್ತದೆ. ಹಾಗೆಂದು ಲಸಿಕೆಯನ್ನು ಹತ್ತು ದಿನ ಮುಂದೂಡುವುದಲ್ಲ. ಲಸಿಕೆ ಮೊದಲ ದಿನವೇ ಶುರು. ಇನ್ನೊಂದು ಎಚ್ಚರಿಕೆ ನಮ್ಮ ರೈತರಿಗೆ. ಹುಚ್ಚೆಂದರೆ ಬೊಗಳಿ ಮೇಲೆ ಬೀಳುವುದೊಂದೇ ಅಲ್ಲ, ಮೂಕ ಹುಚ್ಚೂ ಉಂಟು. ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ ಮೂಲೆ ಸೇರುವ ನಾಯಿ, ಗಂಟಲಲ್ಲಿ ಏನೋ ಸಿಕ್ಕಿದಂತೆ ಒದ್ದಾಡುವ ಆಕಳು. ಎಲುಬು ಸಿಕ್ಕಿದೆ, ಕಣಿಕೆ ಸಿಕ್ಕಿದೆ ಎಂದು ಬಾಯೊಳಗೆ ಬರಿಗೈ ಹಾಕಿದವರು ರೋಗವನ್ನು ಕೈಯಾರೆ ತಂದುಕೊಳ್ಳುತ್ತಾರೆ. ಅಂಥ ದನ ಕಂಡರೆ 1962ಕ್ಕೆ ಕರೆ ಮಾಡಿ, ಅದು ಪಶು ಇಲಾಖೆಯ ಸಹಾಯವಾಣಿ. ಆ ದನದ ಹಾಲನ್ನು ಹಸಿಯಾಗಿ ಯಾರೂ ಕುಡಿಯಬಾರದು.

ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ಸೋಂಕಿನ ಸರಪಳಿ ಕಡಿದುಬೀಳುತ್ತದೆ ಎಂಬುದು ಜಗತ್ತಿನ ಅನುಭವ. ನೆರೆಯ ಗೋವಾ ವರ್ಷವರ್ಷವೂ ನಾಯಿಗಳಿಗೆ ಲಸಿಕೆ ಹಾಕಿಸಿ, 2021ರಲ್ಲಿ ದೇಶದ ಮೊದಲ ರೇಬಿಸ್ ನಿಯಂತ್ರಿತ ರಾಜ್ಯವೆನಿಸಿತು. ಇಡೀ ಭಾರತಕ್ಕೆ ಇಟ್ಟುಕೊಂಡ ಗುರಿ 2030.

ದನಗಳ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಚಾಮರಾಜನಗರದವರೆಗೆ ಹೋಗುವ 150ಎ ಹೆದ್ದಾರಿ ಹೊರಡುವುದೇ ಜೇವರ್ಗಿಯಿಂದ. ವಿಜಯಪುರದ ಹೆದ್ದಾರಿಯೂ ಊರನ್ನು ಹಾದೇ ಹೋಗುತ್ತದೆ. ರಾತ್ರಿ ಬೆಚ್ಚಗಿನ ಡಾಂಬರಿನ ಮೇಲೆ ಮಲಗಿದ ಬಿಡಾಡಿ ದನ ಬೈಕ್ ಸವಾರನಿಗೆ ಕಾಣುವುದು ತೀರ ಹತ್ತಿರ ಬಂದ ಮೇಲೆ. ಬಿಡಾಡಿ ಎನ್ನುತ್ತೇವೆ, ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಮಾತ್ರ ಒಡೆಯ ಬರುತ್ತಾನೆ. 1966ರ ಕರ್ನಾಟಕ ಜಾನುವಾರು ಅತಿಕ್ರಮಣ ಕಾಯ್ದೆಯಂತೆ ಅಂಥ ದನವನ್ನು ಕೊಂಡವಾಡಕ್ಕೆ ಹಾಕಬಹುದು. ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಂಡು ಹೋಗಬೇಕು, ಯಾರೂ ಬಾರದಿದ್ದರೆ ಹರಾಜು. ನವೆಂಬರ್ 7ರ ಸುಪ್ರೀಂ ಕೋರ್ಟಿನ ಆದೇಶ ಹೆದ್ದಾರಿಯ ದನಗಳನ್ನು ತೆರವುಮಾಡಲೂ ಹೇಳಿದೆ. ಇನ್ನು ಹಂದಿ. ಅದನ್ನು ಸಾಕುವವರನ್ನು ಊರಿನಿಂದ ಓಡಿಸುವ ಮಾತಾಡುವ ಬದಲು ಊರ ಹೊರಗೆ ಜಾಗ, ನೀರು ಕೊಟ್ಟು ದೊಡ್ಡಿ ಕಟ್ಟಿಸುವುದು ನ್ಯಾಯ. ಅದು ಅವರ ಅನ್ನ.

ಪ್ರತಿವರ್ಷ ಜುಲೈ 6ರಂದು ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ರೇಬಿಸ್ ಲಸಿಕೆಯನ್ನು ಉಚಿತವಾಗಿ ಹಾಕುವ ರೂಢಿ ಇದೆ. 1885ರಲ್ಲಿ ಲೂಯಿ ಪಾಶ್ಚರ್, ನಾಯಿ ಕಡಿದ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ಗೆ ಮೊದಲ ಲಸಿಕೆ ಕೊಡಿಸಿದ ದಿನವದು. ಸೆಪ್ಟೆಂಬರ್ 28, ವಿಶ್ವ ರೇಬಿಸ್ ದಿನ, ಅಂದೂ ಹಾಕುತ್ತಾರೆ. ಮೂರು ತಿಂಗಳು ತುಂಬಿದ ಮರಿಯಿಂದ ಹಿಡಿದು ಯಾವ ನಾಯಿಯನ್ನಾದರೂ ಒಯ್ಯಬಹುದು. ಕಟ್ಟೆಯ ಕೆಳಗೆ ಮಲಗುವ ಆ ಕರಿಯನ ಕೊರಳಿಗೆ ಒಂದು ಮೆತ್ತನೆಯ ಹಗ್ಗ ಹಾಕಿ, ದಿನಾ ರೊಟ್ಟಿ ಹಾಕುವ ಅವ್ವನೇ ಜೊತೆಗೆ ನಡೆದರೆ ಅದು ಹಿಂದೆ ಬರುತ್ತದೆ. ಸೂಜಿ ಆದಮೇಲೆ ಒಂದು ಕಾರ್ಡು ಬರೆಯುತ್ತಾರೆ. ನಾಯಿಯ ಹೆಸರು, ಬಣ್ಣ, ವಯಸ್ಸು, ಲಸಿಕೆಯ ದಿನಾಂಕ, ಮುಂದಿನ ವರ್ಷ ಬರಬೇಕಾದ ದಿನಾಂಕ. ಅದರ ಕೆಳಗಿನ ಸಾಲು ಮಾಲೀಕರ ಹೆಸರಿನದು. ಪೆನ್ನು ಹಿಡಿದವರು ತಲೆ ಎತ್ತಿ ಕೇಳುತ್ತಾರೆ: "ಯಾರ ಹೆಸರು ಬರೀಲಿ ಯವ್ವಾ?"