ಉಡುಮಲೆಯ ಕೌಸಲ್ಯ

ನಾನು ಪೊಳ್ಳಾಚಿ ಪಕ್ಕದ ನೆಗಮದವಳು. ದೇವಾಂಗರ ಮನೆ, ಮನೆಮಾತು ಕನ್ನಡ, ಅಪ್ಪನದು ಕೈಮಗ್ಗ. ಈಗ ಕೊಯಮತ್ತೂರಿನಲ್ಲಿ ವಕೀಲಿ ಮಾಡುತ್ತಿದ್ದೇನೆ. ಹೋರಾಟವೆಂದರೆ ದೊಡ್ಡವರ ರಾಜಕೀಯ ಎಂದುಕೊಂಡಿದ್ದ ನನ್ನನ್ನು ಈ ದಾರಿಗೆ ಎಳೆದವಳು ಕೌಸಲ್ಯ, ಸುಮಾರು ನನ್ನದೇ ವಯಸ್ಸಿನವಳು.

ಪಳನಿಯ ತೇವರ್ ಸಮುದಾಯದ ಹುಡುಗಿ ಕೌಸಲ್ಯ. ಶಂಕರ್ ಕುಮಾರಲಿಂಗಂ ಊರಿನ ದಲಿತ ಕುಟುಂಬದವನು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪರಿಚಯವಾಗಿ 2015ರ ಜುಲೈಯಲ್ಲಿ ಮದುವೆಯಾದರು. 2016ರ ಮಾರ್ಚ್ 13ರಂದು ಉಡುಮಲೆಪೇಟೆ ಬಸ್ ನಿಲ್ದಾಣದ ಬಳಿ, ಜನರ ಕಣ್ಣೆದುರೇ, ಬೈಕಿನಲ್ಲಿ ಬಂದವರು ಇಬ್ಬರನ್ನೂ ಮಚ್ಚಿನಿಂದ ಕೊಚ್ಚಿದರು. 22ರ ಶಂಕರ್ ಸತ್ತ. 19ರ ಕೌಸಲ್ಯ ತಲೆಗೆ ಪೆಟ್ಟು ತಿಂದು ಬದುಕಿದಳು. ಸಿಸಿಟಿವಿಯಲ್ಲಿ ದಾಖಲಾದ ಆ ದೃಶ್ಯವನ್ನು ಇಡೀ ದೇಶ ನೋಡಿತು.

ನಮ್ಮ ಬೀದಿಯಲ್ಲಿ ಕೇಳಿಬಂದದ್ದು ಒಂದೇ ಮಾತು: "ಹೆತ್ತವರ ಹೊಟ್ಟೆ ಉರಿಸಿದರೆ ಇನ್ನೇನಾಗುತ್ತೆ?" ನಾನು ಕೇಳಿದೆ, "ಅಪ್ಪಾ, ಸತ್ತವನು ಮಾಡಿದ ತಪ್ಪೇನು?" ಅಪ್ಪ ಉತ್ತರ ಕೊಡಲಿಲ್ಲ. ಡಿಗ್ರಿ ಮುಗಿಸಿ ಲಾ ಓದುತ್ತೇನೆಂದಾಗ ಬೇಡವೆನ್ನಲೂ ಇಲ್ಲ.

ಕೌಸಲ್ಯ ಗಂಡನ ಮನೆಯಲ್ಲೇ ಉಳಿದಳು. ಕೊಲೆಯ ಸಂಚಿನ ಆರೋಪ ಹೊತ್ತ ಸ್ವಂತ ತಂದೆತಾಯಿಯ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ನುಡಿದಳು, ಅವರಿಗೆ ಜಾಮೀನು ಕೊಡಬಾರದೆಂದು ಮತ್ತೆ ಮತ್ತೆ ನಿಂತಳು. ಕೀಳುಜಾತಿಯ ವಾದ್ಯವೆಂದು ದೂರವಿಟ್ಟಿದ್ದ ಪರೈ ಎಂಬ ತಮಟೆ ಬಾರಿಸಲು ಕಲಿತಳು. ಶಂಕರನ ಹೆಸರಿನಲ್ಲಿ ಸಾಮಾಜಿಕ ನ್ಯಾಯದ ಟ್ರಸ್ಟ್ ಕಟ್ಟಿದಳು. ಇಷ್ಟು ಎಳೆಯ ವಯಸ್ಸಿನಲ್ಲಿ ಇಷ್ಟು ಗಟ್ಟಿಯಾಗಿ ನಿಂತವರನ್ನು ನಾನು ಬೇರೆ ಕಂಡಿಲ್ಲ.

2017ರ ಡಿಸೆಂಬರ್ 12ರಂದು ತಿರುಪ್ಪೂರು ಸೆಷನ್ಸ್ ನ್ಯಾಯಾಲಯ ಆಕೆಯ ತಂದೆ ಸೇರಿ ಆರು ಮಂದಿಗೆ ಮರಣದಂಡನೆ ವಿಧಿಸಿತು. ತಾಯಿಯನ್ನು ಬಿಡುಗಡೆ ಮಾಡಿತು. 2020ರ ಜೂನ್ 22ರಂದು ಮದ್ರಾಸ್ ಹೈಕೋರ್ಟ್ ತಂದೆಯ ಮೇಲಿನ ಸಂಚಿನ ಆರೋಪ ಸಾಬೀತಾಗಿಲ್ಲವೆಂದು ಆತನನ್ನೂ ಬಿಡುಗಡೆ ಮಾಡಿ, ಉಳಿದ ಐವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಗುಟ್ಟಾಗಿ ನಡೆಯುವ ಮಾತಿಗೆ ಸಾಕ್ಷಿ ತರುವುದು ಎಷ್ಟು ಕಷ್ಟವೆಂದು ಆ ತೀರ್ಪು ಓದುವಾಗ ನನಗೆ ಅರಿವಾಯಿತು. ಕೊಲೆಯಾದ ಮೇಲಿನ ಶಿಕ್ಷೆಗಿಂತ ಮೊದಲಿನ ರಕ್ಷಣೆಯ ಬಗ್ಗೆ ನಾನು ಹೆಚ್ಚು ಮಾತಾಡುವುದು ಅದಕ್ಕೇ.

ಆ ರಕ್ಷಣೆ ಕಾಗದದ ಮೇಲೆ ಇದೆ. 2018ರ ಮಾರ್ಚ್ 27ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜಾತಿ ಮೀರಿ ಮದುವೆಯಾದ ಜೋಡಿಗಳ ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ, ಸಮಾಜ ಕಲ್ಯಾಣಾಧಿಕಾರಿ ಮತ್ತು ಆದಿದ್ರಾವಿಡ ಕಲ್ಯಾಣಾಧಿಕಾರಿ ಇರುವ ವಿಶೇಷ ಘಟಕ ಬೇಕೆಂದಿತು. ಸಹಾಯವಾಣಿ, ಸುರಕ್ಷಿತ ವಸತಿಯ ಏರ್ಪಾಟಿಗೂ ಸೂಚಿಸಿತು. ನಾನು ಕಾಲೇಜುಗಳಲ್ಲಿ ಇದನ್ನು ಹೇಳಿದಾಗ ಹೆಚ್ಚಿನ ಮಕ್ಕಳಿಗೆ ಹೊಸ ಸುದ್ದಿ. ಇಂಥ ಕೊಲೆಗಳ ವಿರುದ್ಧ ಪ್ರತ್ಯೇಕ ಕಾನೂನು ಬೇಕೆಂದು ಕೌಸಲ್ಯ ವರ್ಷಗಳಿಂದ ಕೇಳುತ್ತಿದ್ದಾಳೆ. ಅದಕ್ಕೆ ಶಿಫಾರಸು ಮಾಡಲು ಆಯೋಗ ನೇಮಿಸುವುದಾಗಿ ತಮಿಳುನಾಡು ಸರ್ಕಾರ ಘೋಷಿಸಿದ್ದು 2025ರ ಅಕ್ಟೋಬರ್‌ನಲ್ಲಿ.

ಜಾತಿ ಮೀರಿ ಮದುವೆಯಾದ ಮಕ್ಕಳು ಹೆದರಿ ನಿಮ್ಮ ಬಾಗಿಲಿಗೆ ಬಂದರೆ "ಮನೆಗೆ ಹೋಗಿ, ಎಲ್ಲ ಸರಿಹೋಗುತ್ತೆ" ಎಂದು ಕಳಿಸಬೇಡಿ. ಎಸ್‌ಪಿ ಕಚೇರಿಗೆ ಜೊತೆಯಲ್ಲಿ ಹೋಗಿ, ಶಕ್ತಿ ವಾಹಿನಿ ತೀರ್ಪಿನ ಹೆಸರು ಬರೆದು ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆದೇ ಹಿಂತಿರುಗಿ.