ಬ್ಯಾಟರಿಯೋ, ರೆಗ್ಯುಲೇಟರೋ?

ಮಾರಿಕುಪ್ಪದಲ್ಲೋ ಬಂಗಾರಪೇಟೆಯಲ್ಲೋ ನಿಲ್ದಾಣದ ಬಳಿ ಬೈಕನ್ನು ನಿಲ್ಲಿಸಿ, ಪ್ರಾತಃಕಾಲವೇ ಉದ್ಯೋಗಾರ್ಥವಾಗಿ ಬೆಂಗಳೂರಿನ ರೈಲು ಹತ್ತುವವರಿಗೆ (2001ರಲ್ಲಿ ಚಿನ್ನದ ಗಣಿ ಮುಚ್ಚಿದಂದಿನಿಂದ ಕೆ.ಜಿ.ಎಫ್.ನ ಅನೇಕರ ಜೀವನಕ್ರಮವೇ ಇದು) ರಾತ್ರಿ ಮರಳಿದಾಗ ಸೆಲ್ಫ್ ಹಿಡಿಯದ ಬೈಕು ಎಂಥ ವಿಪತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಷೋರೂಮಿನವರು "ಬ್ಯಾಟರಿ ಹೋಗಿದೆ ಸಾರ್" ಎಂದು ಹೊಸದನ್ನು ಕೂರಿಸಿ, ಅದೂ ಕೆಲವೇ ವಾರಗಳಲ್ಲಿ ನಿರ್ಜೀವವಾದರೆ, ಇನ್ನೊಂದಕ್ಕೆ ಹಣ ತೆರುವ ಮುನ್ನ ಮಲ್ಟಿಮೀಟರ್ ಇಡಿಸಿ ನೋಡತಕ್ಕದ್ದು. ಎಂಜಿನ್ ಓಡುತ್ತಿರುವಾಗ, ತುಸು ಆಕ್ಸಿಲರೇಟರ್ ಕೊಟ್ಟರೆ, ಬ್ಯಾಟರಿಯ ತುದಿಗಳಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ತೋರಬೇಕು. 12ರ ಆಸುಪಾಸಿನಲ್ಲೇ ನಿಂತರೆ ಚಾರ್ಜೇ ಬರುತ್ತಿಲ್ಲ, 15ನ್ನು ಮೀರಿದರೆ ರೆಗ್ಯುಲೇಟರೇ ಬ್ಯಾಟರಿಯನ್ನು ಬೇಯಿಸುತ್ತಿದೆ. ಎರಡು ನಿಮಿಷದ ಈ ಪರೀಕ್ಷೆಯನ್ನೂ ಮಾಡಲೊಲ್ಲದವನ ದೋಷನಿದಾನವನ್ನು ನಾನಂತೂ ನಂಬಲಾರೆ.

ಜಾಬ್ ಕಾರ್ಡಿನಲ್ಲಿ ದೋಷವನ್ನು ಸ್ಪಷ್ಟವಾಗಿ ಬರೆಯಿಸಿ. ಕಳಚಿದ ಹಳೆಯ ಭಾಗವನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ. ವಿವಾದವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಬಗೆಹರಿಯದಿದ್ದಲ್ಲಿ, ಬೈಕನ್ನು ಬೆಂಗಳೂರಿನಲ್ಲೇ ಕೊಂಡಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ವಾಸದ ಜಿಲ್ಲೆಯಾದ ಕೋಲಾರದ ಆಯೋಗದಲ್ಲೇ 2 ವರ್ಷದೊಳಗಾಗಿ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.